ದ್ವಿಹಸ್ತ ಖಡ್ಗ ಮತ್ತು ಗುರಾಣಿಯ ಸೆಣಸಾಟ

ದ್ವಿಹಸ್ತ ಖಡ್ಗ ಮತ್ತು ಗುರಾಣಿಯ ಸೆಣಸಾಟವು ಮಧ್ಯಯುಗೀನ ಕಾದಾಟ ಕ್ರೀಡೆಗಳಲ್ಲಿ ಕಂಡುಬರುವ, ಅಸಮಾನ ಆಯುಧಗಳ ನಡುವಿನ ಪಂದ್ಯದ ಒಂದು ಬಗೆ. ಇದರಲ್ಲಿ ಒಬ್ಬ ಹೋರಾಟಗಾರನು ಎರಡೂ ಕೈಗಳಿಂದ ಹಿಡಿಯುವ ಉದ್ದನೆಯ ಖಡ್ಗವೊಂದನ್ನೇ ನೆಚ್ಚಿಕೊಂಡಿರುತ್ತಾನೆ; ಅವನ ಎದುರಾಳಿಯು ಒಂದು ಕೈಯಲ್ಲಿ ಕತ್ತಿಯನ್ನೂ ಇನ್ನೊಂದು ಕೈಯಲ್ಲಿ ಗುರಾಣಿಯನ್ನೂ ಹಿಡಿದಿರುತ್ತಾನೆ. ಗುರಾಣಿಧಾರಿಯು ಏಕಕಾಲದಲ್ಲಿ ತಡೆಯಲೂ ಹೊಡೆಯಲೂ ಶಕ್ತನಾಗಿರುವುದರಿಂದ, ಒಂದೇ ಅಲಗಿನಿಂದ ಎರಡೂ ಕೆಲಸಗಳನ್ನು ಮಾಡಬೇಕಾದ ಖಡ್ಗಧಾರಿಗೆ ಈ ಪಂದ್ಯ ಕಠಿಣವಾದುದು. ಬಲಪ್ರಯೋಗದಿಂದ ಗುರಾಣಿಯನ್ನು ಒಡೆಯುವುದೇ ಇದರ ತಿರುಳೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಗೆಲುವು ಅಂತರ, ಸಮಯಪ್ರಜ್ಞೆ ಮತ್ತು ಗುರಾಣಿಯನ್ನು ಅದರ ಸ್ಥಾನದಿಂದ ಕದಲಿಸುವ ಕೌಶಲವನ್ನು ಅವಲಂಬಿಸಿದೆ. ಯಾವ ಆಯುಧಕ್ಕೆ ಮೇಲುಗೈ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಯಾ ಕ್ರೀಡೆಯ ನಿಯಮಗಳು.

ಐತಿಹಾಸಿಕ ಹಿನ್ನೆಲೆ

ಯುರೋಪಿನಲ್ಲಿ 11ನೆಯ ಶತಮಾನದ ಯೋಧರು ಭುಜದಿಂದ ಮೊಣಕಾಲಿನವರೆಗೆ ಮರೆಯಾಗುವಷ್ಟು ಉದ್ದನೆಯ, ಕೆಳಗೆ ಕಿರಿದಾಗುತ್ತ ಹೋಗುವ ಗುರಾಣಿಗಳನ್ನು ಬಳಸುತ್ತಿದ್ದರು. 1066ರ ಹೇಸ್ಟಿಂಗ್ಸ್ ಕದನವನ್ನು ಚಿತ್ರಿಸುವ ಬೇಯೂ ಕಸೂತಿಪಟದಲ್ಲಿ ಇಂತಹ ಗುರಾಣಿಗಳೂ, ಅವುಗಳ ಎದುರು ಎರಡು ಕೈಗಳಿಂದ ಕೊಡಲಿ ಬೀಸುವ ಇಂಗ್ಲಿಷ್ ಯೋಧರೂ ಕಾಣಿಸುತ್ತಾರೆ. ಮುಂದೆ ದೇಹದ ಕವಚ ಉತ್ತಮಗೊಂಡಂತೆ ಗುರಾಣಿ ಚಿಕ್ಕದಾಗುತ್ತ ಬಂದಿತು. 14 ಮತ್ತು 15ನೆಯ ಶತಮಾನಗಳಲ್ಲಿ ಉಕ್ಕಿನ ಫಲಕಗಳ ಕವಚ ಬಳಕೆಗೆ ಬಂದ ಬಳಿಕ, ನೆಲದ ಮೇಲೆ ನಿಂತು ಕಾದುವ ಶ್ರೀಮಂತ ಯೋಧರು ಗುರಾಣಿಯನ್ನು ಬಹುಮಟ್ಟಿಗೆ ಕೈಬಿಟ್ಟರು. ಎಡಗೈಗೆ ಬಿಡುವು ದೊರೆತುದರಿಂದ ಎರಡು ಕೈಗಳ ಖಡ್ಗ, ಕೊಡಲಿ ಮತ್ತು ಉದ್ದ ಕಾವಿನ ಆಯುಧಗಳು ಮುನ್ನೆಲೆಗೆ ಬಂದವು. ಗುರಾಣಿಯನ್ನು ಸೋಲಿಸಿದ್ದು ಖಡ್ಗವಲ್ಲ, ಕವಚ ಎಂದೇ ಹೇಳಬೇಕಾಗುತ್ತದೆ.

ಈ ಕ್ರಮದಿಂದಾಗಿ ಇಂದಿನ ಕ್ರೀಡಾಪಟುಗಳಿಗೆ ಒಂದು ಕೊರತೆ ಎದುರಾಗಿದೆ. ಉಳಿದುಬಂದಿರುವ ಕತ್ತಿವರಸೆಯ ಗ್ರಂಥಗಳು ಹೆಚ್ಚಾಗಿ ಸಮಾನ ಆಯುಧಗಳ ಕಾದಾಟವನ್ನು ವಿವರಿಸುತ್ತವೆ. 14ನೆಯ ಶತಮಾನದ ಆರಂಭಕ್ಕೆ ಸೇರಿದ, ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿರುವ ಐ.33 ಹಸ್ತಪ್ರತಿಯಲ್ಲಿ ಇಬ್ಬರ ಕೈಯಲ್ಲೂ ಕತ್ತಿ ಮತ್ತು ಬಕ್ಲರ್ ಎಂಬ ಪುಟ್ಟ ಗುರಾಣಿ ಇರುತ್ತವೆ. ಯೊಹಾನ್ನೆಸ್ ಲೀಖ್ಟೆನಾವರ್‌ನ ಜರ್ಮನ್ ಪರಂಪರೆಯೂ, ಸುಮಾರು 1410ರ ಇಟಲಿಯ ಫಿಯೋರೆ ದೇಯಿ ಲಿಬೇರಿಯ ಕೃತಿಯೂ ಉದ್ದ ಖಡ್ಗಕ್ಕೆ ಎದುರಾಗಿ ಮುಖ್ಯವಾಗಿ ಉದ್ದ ಖಡ್ಗವನ್ನೇ ಇರಿಸುತ್ತವೆ. 16ನೆಯ ಶತಮಾನದಲ್ಲಿ ದುಂಡು ಗುರಾಣಿ ಹಿಡಿದ ಸ್ಪೇನ್ ಮತ್ತು ಇಟಲಿಯ ಕಾಲಾಳುಗಳೂ, ಆಳೆತ್ತರದ ಖಡ್ಗ ಬೀಸುವವರೂ ಒಂದೇ ಕಾಲದಲ್ಲಿ ಇದ್ದರು. ಆದರೆ ಆಗಿನ ಗ್ರಂಥಕಾರರ ಆಸಕ್ತಿ ಬೇರೆಯಾಗಿತ್ತು. 1570ರಲ್ಲಿ ಜಾಕೊಮೊ ದಿ ಗ್ರಾಸ್ಸಿ ದ್ವಿಹಸ್ತ ಖಡ್ಗವನ್ನು ಒಬ್ಬನು ಹಲವರನ್ನು ಎದುರಿಸುವ ಆಯುಧವೆಂದು ಪರಿಗಣಿಸಿದನು. 1651ರಲ್ಲಿ ಪೋರ್ಚುಗಲ್‌ನ ದಿಯೋಗೊ ಗೋಮೆಸ್ ದೆ ಫಿಗೆಯ್ರೆದೊ ಮೊಂತಾಂತೆ ಎಂಬ ಮಹಾಖಡ್ಗಕ್ಕೆ ಬರೆದ ಅಭ್ಯಾಸಗಳಲ್ಲಿ ಇಕ್ಕಟ್ಟಾದ ಬೀದಿ, ಹಡಗಿನ ನಡುದಾರಿ, ಮಹಿಳೆಯೊಬ್ಬಳನ್ನು ಕಾಯುವ ಸಂದರ್ಭ ಮುಂತಾದವು ಬರುತ್ತವೆ. ಹೀಗಾಗಿ ಗುರಾಣಿಯ ಎದುರು ಒಂಟಿ ಖಡ್ಗದ ವರಸೆಯನ್ನು ಆಧುನಿಕ ಹೋರಾಟಗಾರರು ಗ್ರಂಥಗಳ ಸಾಮಾನ್ಯ ತತ್ವಗಳಿಂದಲೂ ಕಣದ ಅನುಭವದಿಂದಲೂ ತಾವೇ ಕಟ್ಟಿಕೊಂಡಿದ್ದಾರೆ.

ಆಯುಧಗಳ ಸ್ವರೂಪ

ದ್ವಿಹಸ್ತ ಖಡ್ಗವು ಹೊರಲಾರದಷ್ಟು ಭಾರವೆಂಬ ನಂಬಿಕೆ ವ್ಯಾಪಕವಾಗಿದೆ. ಒಂದು ಅಥವಾ ಎರಡು ಕೈಗಳಿಂದ ಬಳಸಬಹುದಾಗಿದ್ದ ಉದ್ದ ಖಡ್ಗದ ತೂಕ ಸಾಮಾನ್ಯವಾಗಿ 1.2ರಿಂದ 1.8 ಕಿಲೋಗ್ರಾಂ, ಒಟ್ಟು ಉದ್ದ 110ರಿಂದ 130 ಸೆಂಟಿಮೀಟರ್. 16ನೆಯ ಶತಮಾನದ ಯುದ್ಧೋಪಯೋಗಿ ಮಹಾಖಡ್ಗಗಳು ಬಹುಪಾಲು 2ರಿಂದ 3.5 ಕಿಲೋಗ್ರಾಂ ತೂಗುತ್ತವೆ. ಅದಕ್ಕೂ ಹೆಚ್ಚು ತೂಕದವು ಸಾಮಾನ್ಯವಾಗಿ ಮೆರವಣಿಗೆಗೆಂದು ಮಾಡಿದವು.

ಎರಡು ಕೈಗಳ ಹಿಡಿತದ ನಿಜವಾದ ಪ್ರಯೋಜನ ಸನ್ನೆಯ ತತ್ವದಲ್ಲಿದೆ. ಅಡ್ಡಪಟ್ಟಿಯ ಬಳಿಯಿರುವ ಕೈ ಮುಂದಕ್ಕೆ ತಳ್ಳುವಾಗ ಹಿಡಿಯ ತುದಿಯಲ್ಲಿರುವ ಕೈ ಹಿಂದಕ್ಕೆ ಎಳೆಯುತ್ತದೆ. ಕೈಗಳು ಕೆಲವೇ ಅಂಗುಲ ಸರಿದರೂ ಮೊನೆಯು ದೊಡ್ಡ ಕಮಾನಿನಲ್ಲಿ ಚಲಿಸುತ್ತದೆ. ಬೀಸಿದ ಅಲಗನ್ನು ನಡುದಾರಿಯಲ್ಲಿ ನಿಲ್ಲಿಸಿ ಬೇರೆ ದಿಕ್ಕಿಗೆ ತಿರುಗಿಸುವುದೂ ಸುಲಭವಾಗುತ್ತದೆ. ಹುಸಿ ಹೊಡೆತಗಳಿಗೆ ಈ ಗುಣವೇ ಆಧಾರ.

ಚಾಚಿನ ವಿಷಯದಲ್ಲಿ ಮಾತ್ರ ಲೆಕ್ಕ ಅಷ್ಟು ಸರಳವಲ್ಲ. ಒಂದೇ ಕೈಯಲ್ಲಿ ಕತ್ತಿ ಹಿಡಿದವನು ಭುಜವನ್ನು ಮುಂದಕ್ಕೆ ತಿರುಗಿಸಿ ತೋಳನ್ನು ಪೂರ್ತಿ ಚಾಚಬಲ್ಲನು. ಎರಡೂ ಕೈಗಳನ್ನು ಹಿಡಿಯ ಮೇಲಿಟ್ಟವನ ಎದೆ ಎದುರಾಳಿಯ ಕಡೆಗೆ ತಿರುಗಿರುವುದರಿಂದ ಅವನ ತೋಳು ಅಷ್ಟು ದೂರ ಹೋಗದು. ಅಲಗಿನ ಹೆಚ್ಚುವರಿ ಉದ್ದದ ಒಂದು ಭಾಗ ಹೀಗೆ ಕಳೆದುಹೋಗುತ್ತದೆ. ತನ್ನ ಖಡ್ಗ ಉದ್ದವೆಂಬ ಧೈರ್ಯದಿಂದ ನಿಂತಲ್ಲೇ ನಿಲ್ಲುವ ಹೊಸಬರು, ಗಿಡ್ಡ ಕತ್ತಿಯ ಹೊಡೆತ ತಮಗೆ ತಗುಲಿದ್ದು ಹೇಗೆಂದು ಅಚ್ಚರಿಪಡುವುದಕ್ಕೆ ಇದೇ ಕಾರಣ.

ಗುರಾಣಿಯ ಗುಣ ಅದರ ಹಿಡಿತವನ್ನು ಅನುಸರಿಸುತ್ತದೆ. ನಡುವೆ ಒಂದೇ ಹಿಡಿಯುಳ್ಳ ದುಂಡು ಗುರಾಣಿಯನ್ನು ಮುಂದಕ್ಕೆ ಚಾಚಿ ಹಿಡಿಯಬಹುದು. ಆದರೆ ಅದರ ಅಂಚಿಗೆ ಬಲವಾದ ಪೆಟ್ಟು ಬಿದ್ದರೆ ಅದು ಮುಷ್ಟಿಯ ಸುತ್ತ ಬಾಗಿಲಿನಂತೆ ತಿರುಗಿ ದೇಹವನ್ನು ತೆರೆದಿಡುತ್ತದೆ. ಪಟ್ಟಿಗಳಿಂದ ಮುಂದೋಳಿಗೆ ಬಿಗಿದ ಗುರಾಣಿ ಹಾಗೆ ತಿರುಗದು, ಆದರೆ ಮೊಣಕೈ ಬಾಗುವಷ್ಟು ಮಾತ್ರವೇ ಅದರ ಚಲನೆ. ಬಕ್ಲರ್ ದೇಹವನ್ನು ಮರೆಮಾಡುವುದಿಲ್ಲ. ಕತ್ತಿ ಹಿಡಿದ ಕೈಯ ಜೊತೆಜೊತೆಗೆ ಚಲಿಸಿ ಆ ಕೈಯನ್ನು ಕಾಯುತ್ತದೆ. ಯಾವ ಗುರಾಣಿಯೇ ಆಗಲಿ, ಮುಖದ ಮುಂದೆ ಎತ್ತಿದಾಗ ಅದು ಹಿಡಿದವನ ನೋಟಕ್ಕೇ ಅಡ್ಡವಾಗುತ್ತದೆ. ಖಡ್ಗಧಾರಿಯ ಬಹುಪಾಲು ಯೋಜನೆಗಳು ಈ ಒಂದು ದೌರ್ಬಲ್ಯದಿಂದಲೇ ಆರಂಭವಾಗುತ್ತವೆ.

ತಂತ್ರಗಳು

ಅಂತರ: ಎದುರಾಳಿಯ ಕತ್ತಿ ತನಗೆ ತಾಗದ, ತನ್ನ ಮೊನೆ ಎದುರಾಳಿಗೆ ತಾಗುವ ಕಿರಿದಾದ ವಲಯವೊಂದು ಖಡ್ಗಧಾರಿಗೆ ಅನುಕೂಲಕರ. ಅದರ ಅಗಲ ಒಂದು ಹೆಜ್ಜೆಗಿಂತಲೂ ಕಡಿಮೆ. ಗುರಾಣಿಧಾರಿಯ ಪ್ರಯತ್ನವೆಲ್ಲ ಈ ವಲಯವನ್ನು ಬೇಗನೆ ದಾಟಿ ಒಳನುಗ್ಗುವುದರಲ್ಲಿರುತ್ತದೆ; ಖಡ್ಗಧಾರಿಯದು ಅವನನ್ನು ಅಲ್ಲಿಯೇ ಹಿಡಿದಿಡುವುದರಲ್ಲಿ. ಹೀಗಾಗಿ ಪ್ರತಿ ಹೊಡೆತದ ಜೊತೆಗೆ ಕಾಲೂ ಚಲಿಸಬೇಕು. ನೇರವಾಗಿ ಹಿಂದೆ ಸರಿಯುವವನು ಮುಂದೆ ನುಗ್ಗುವವನಿಗಿಂತ ಯಾವಾಗಲೂ ನಿಧಾನ. ಆದ್ದರಿಂದ ಓರೆಯಾಗಿ ಹಿಂದಕ್ಕೆ ಸರಿದು, ಸರಿಯುತ್ತಲೇ ಹೊಡೆಯುವ ಅಭ್ಯಾಸಕ್ಕೆ ತರಬೇತಿಯಲ್ಲಿ ಹೆಚ್ಚು ಮಹತ್ವವಿದೆ.

ಕತ್ತಿಯ ಕೈ: ಗುರಾಣಿಧಾರಿಯು ಹೊಡೆಯಬೇಕಾದರೆ ಅವನ ಕೈ ಗುರಾಣಿಯ ಮರೆಯಿಂದ ಹೊರಬರಲೇಬೇಕು. ಆ ಕ್ಷಣದಲ್ಲಿ ಅವನ ಮಣಿಕಟ್ಟು ಮತ್ತು ಮುಂದೋಳು ಖಡ್ಗಧಾರಿಗೆ ತಲೆಗಿಂತಲೂ ಹತ್ತಿರದ ಗುರಿಗಳಾಗುತ್ತವೆ. ಕೈ ಗುರಿಯೆಂದು ಒಪ್ಪಿತವಾದ ಕ್ರೀಡೆಗಳಲ್ಲಿ ಇದು ಅತ್ಯಂತ ಫಲಕಾರಿಯಾದ ತಂತ್ರ. ಜರ್ಮನ್ ಪರಂಪರೆಯ ಐದು ಪ್ರಮುಖ ಹೊಡೆತಗಳಲ್ಲಿ ಒಂದಾದ ಕ್ರುಂಪ್‌ಹೌ, ಅಂದರೆ ಕೈಗಳನ್ನು ಅಡ್ಡಹಾಯಿಸಿ ಹೊಡೆಯುವ ಓರೆ ಪೆಟ್ಟು, ಎದುರಾಳಿಯ ಕೈಗಳನ್ನೇ ಗುರಿಯಾಗಿಸುತ್ತದೆ.

ಗುರಾಣಿಯನ್ನು ಕದಲಿಸುವುದು: ನಿಂತ ಗುರಾಣಿಯ ಮೇಲೆ ಹೊಡೆಯುವುದು ವ್ಯರ್ಥ. ಐತಿಹಾಸಿಕ ಮರದ ಗುರಾಣಿಯ ಅಂಚಿಗೆ ಹರಿತವಾದ ಅಲಗು ಕಚ್ಚಿಕೊಂಡು ಸಿಲುಕುವ ಅಪಾಯವೂ ಇತ್ತು. ಚಲನಚಿತ್ರಗಳಲ್ಲಿ ಒಂದೇ ಏಟಿಗೆ ಗುರಾಣಿ ಇಬ್ಭಾಗವಾಗುವ ದೃಶ್ಯಕ್ಕೆ ಕಣದಲ್ಲಿ ಆಧಾರವಿಲ್ಲ. ಗುರಾಣಿಯನ್ನು ಎದುರಾಳಿಯೇ ಸರಿಸುವಂತೆ ಮಾಡುವುದು ಸರಿಯಾದ ಮಾರ್ಗ. ತಲೆಯತ್ತ ನಂಬುವಂತಹ ಹೊಡೆತ ಬಂದರೆ ಗುರಾಣಿ ಮೇಲೇರುತ್ತದೆ, ನೋಟ ಮರೆಯಾಗುತ್ತದೆ, ಕೆಳಭಾಗ ತೆರೆದುಕೊಳ್ಳುತ್ತದೆ. ಕಾಲಿನತ್ತ ಬಂದರೆ ಗುರಾಣಿ ಇಳಿಯುತ್ತದೆ, ತಲೆ ತೆರೆದುಕೊಳ್ಳುತ್ತದೆ. ಹುಸಿ ಹೊಡೆತವು ನಿಜವಾದ ಹೊಡೆತವಾಗಿಯೇ ಹೊರಟು ಕೊನೆಯಲ್ಲಿ ದಿಕ್ಕು ಬದಲಿಸಬೇಕು. ಆರಂಭದಲ್ಲೇ ಅಳುಕಿದ ಹುಸಿಗೆ ಅನುಭವಿ ಗುರಾಣಿಧಾರಿಯು ಪ್ರತಿಕ್ರಿಯಿಸುವುದಿಲ್ಲ. ಆ ಬಿಡುವಿನಲ್ಲಿ ಮುಂದೆ ನುಗ್ಗುತ್ತಾನೆ.

ಗುರಾಣಿಯನ್ನು ಬಳಸಿಕೊಂಡು ಹೋಗುವ ಹೊಡೆತಗಳು ಇನ್ನೊಂದು ಬಗೆ. ತ್ಸ್ವೆರ್ಖ್‌ಹೌ ಎಂಬ ಅಡ್ಡ ಹೊಡೆತದಲ್ಲಿ ಕೈಗಳು ತಲೆಯ ಮಟ್ಟದಲ್ಲಿದ್ದು ತಮ್ಮದೇ ತಲೆಯನ್ನು ಕಾಯುತ್ತಿರುವಾಗಲೇ ಅಲಗು ಗುರಾಣಿಯ ಮೇಲಂಚಿನ ಪಕ್ಕದಿಂದ ಎದುರಾಳಿಯ ತಲೆಯನ್ನು ತಲುಪುತ್ತದೆ. ಬೆತ್ತದ ಆಯುಧಗಳ ಕ್ರೀಡೆಯಲ್ಲಿ ಅಲಗಿನ ಹಿಂಬದಿಯಿಂದ ಶಿರಸ್ತ್ರಾಣದ ಹಿಂಭಾಗಕ್ಕೋ ತೊಡೆಯ ಹಿಂಭಾಗಕ್ಕೋ ಬಳಸಿ ಹೊಡೆಯುವ ಪದ್ಧತಿ ಬಹಳವಾಗಿ ಬೆಳೆದಿದೆ. ಚುಚ್ಚುವುದಕ್ಕೆ ಅನುಮತಿ ಇರುವಲ್ಲಿ ಗುರಾಣಿಯ ಮೇಲಂಚನ್ನು ದಾಟಿ ಮುಖಕ್ಕೆ ಒಡ್ಡಿದ ಮೊನೆಯು ನುಗ್ಗಿಬರುವವನನ್ನು ತಡೆಯುವ ಅತಿ ಸರಳ ಉಪಾಯ.

ಕಾಲಿನ ಮೇಲಿನ ದಾಳಿ: ಗುರಾಣಿಯ ಕೆಳಗೆ ಕಾಣುವ ಕಾಲು ಸಹಜವಾದ ಗುರಿ. 1361ರಲ್ಲಿ ಗೋಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದ ಬಳಿ ಡೆನ್ಮಾರ್ಕ್‌ನ ರಾಜ ನಾಲ್ಕನೆಯ ವಾಲ್ಡೆಮಾರ್‌ನ ಸೈನ್ಯಕ್ಕೆ ಬಲಿಯಾದವರ ಸಾಮೂಹಿಕ ಸಮಾಧಿಗಳನ್ನು 20ನೆಯ ಶತಮಾನದಲ್ಲಿ ಉತ್ಖನನ ಮಾಡಲಾಯಿತು. ಬೆಂಗ್ಟ್ ಥೋರ್ಡೆಮನ್ ಪ್ರಕಟಿಸಿದ ಅಧ್ಯಯನವು ಅಲ್ಲಿನ ಅಸ್ಥಿಗಳಲ್ಲಿ ಮೊಣಕಾಲಿನ ಕೆಳಗಿನ ಎಲುಬುಗಳಿಗೆ ಬಿದ್ದ ಕಡಿತದ ಗುರುತುಗಳು ಬಹುಸಂಖ್ಯೆಯಲ್ಲಿರುವುದನ್ನು ತೋರಿಸಿತು. ಆದರೆ ಇಬ್ಬರೇ ಎದುರಾಗಿ ನಿಂತ ಪಂದ್ಯದಲ್ಲಿ ಈ ದಾಳಿ ಅಪಾಯಕಾರಿ. ಭುಜದ ಮಟ್ಟದಿಂದ ಕೆಳಕ್ಕೆ ಬೀಸಿದ ಅಲಗು ಅಡ್ಡಲಾಗಿ ಚಾಚಿದ ಅಲಗಿಗಿಂತ ಕಡಿಮೆ ದೂರ ತಲುಪುತ್ತದೆ. ಎದುರಾಳಿಯು ಕಾಲನ್ನು ಹಿಂದೆಳೆದುಕೊಂಡು ಅದೇ ಕ್ಷಣದಲ್ಲಿ ಖಡ್ಗಧಾರಿಯ ತಲೆಗೆ ಹೊಡೆಯಬಲ್ಲನು. ಲೀಖ್ಟೆನಾವರ್ ಪರಂಪರೆಯಲ್ಲಿ ಇದಕ್ಕೆ ಊಬರ್‌ಲೌಫೆನ್ ಎಂಬ ಹೆಸರೇ ಇದೆ: ಕೆಳಗೆ ಹೊಡೆಯುವವನನ್ನು ಮೇಲಿನಿಂದ ಮೀರುವುದು. ಆದುದರಿಂದ ಎದುರಾಳಿಯ ಕತ್ತಿಯನ್ನು ಮೊದಲು ಬೇರೆಡೆ ತೊಡಗಿಸದೆ, ಅಥವಾ ಹೊಡೆತದೊಂದಿಗೇ ಅವನ ಚಾಚಿನಿಂದ ಹೊರಗೆ ಹೆಜ್ಜೆಯಿಡದೆ, ಕಾಲಿಗೆ ಹೊಡೆಯಬಾರದೆಂಬುದು ತರಬೇತುದಾರರ ಸಾಮಾನ್ಯ ಸೂಚನೆ.

ಸುತ್ತುವ ದಿಕ್ಕು: ಇಬ್ಬರೂ ಬಲಗೈಯವರಾಗಿದ್ದರೆ ಎದುರಾಳಿಯ ಗುರಾಣಿ ಖಡ್ಗಧಾರಿಯ ಬಲಕ್ಕೂ ಕತ್ತಿ ಎಡಕ್ಕೂ ಇರುತ್ತವೆ. ಬಲಕ್ಕೆ ಸುತ್ತಿದರೆ ಎದುರಾಳಿಯ ಕತ್ತಿ ಅವನದೇ ಗುರಾಣಿಯನ್ನು ದಾಟಿ ಬರಬೇಕಾಗುತ್ತದೆ, ಆದರೆ ಹೊಡೆಯಲು ಗುರಿಯೂ ಕಾಣದು. ಎಡಕ್ಕೆ ಸುತ್ತಿದರೆ ತೆರೆದ ಪಾರ್ಶ್ವ ದೊರೆಯುತ್ತದೆ, ಜೊತೆಗೆ ಅವನ ಕತ್ತಿಯ ಹಾದಿಗೂ ಹತ್ತಿರವಾಗಬೇಕಾಗುತ್ತದೆ. ಯಾವುದು ಮೇಲೆಂಬ ಬಗ್ಗೆ ಒಮ್ಮತವಿಲ್ಲ; ದಿಕ್ಕನ್ನು ಹಠಾತ್ತನೆ ಬದಲಿಸುವುದರಿಂದ ಗುರಾಣಿ ತಡವಾಗಿ ಹಿಂಬಾಲಿಸುತ್ತದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಕಡಿಮೆ.

ಸಮೀಪ ಕಾದಾಟ: ಗುರಾಣಿಧಾರಿಯು ಒಳನುಗ್ಗಿ ಗುರಾಣಿಯನ್ನು ಖಡ್ಗಧಾರಿಯ ತೋಳುಗಳಿಗೆ ಒತ್ತಿದರೆ ಉದ್ದ ಅಲಗಿಗೆ ಬೀಸಲು ಜಾಗವಿರುವುದಿಲ್ಲ. ಮಧ್ಯಯುಗದ ಗ್ರಂಥಗಳು ಇದಕ್ಕೆ ಅರ್ಧಖಡ್ಗದ ಹಿಡಿತವನ್ನು ಕಲಿಸುತ್ತವೆ: ಒಂದು ಕೈ ಅಲಗಿನ ನಡುವನ್ನೇ ಹಿಡಿದು ಖಡ್ಗವನ್ನು ಗಿಡ್ಡ ಭರ್ಜಿಯಂತೆಯೋ ಸನ್ನೆಗೋಲಿನಂತೆಯೋ ಬಳಸುವುದು. ಹಿಡಿಯ ತುದಿಯ ಗುಂಡಿನಿಂದ ಗುದ್ದುವುದು ಮತ್ತು ಕುಸ್ತಿಯ ಪಟ್ಟುಗಳೂ ಇದರ ಜೊತೆಗಿವೆ. ಕ್ರೀಡೆಗಳಲ್ಲಿ ಇವುಗಳ ಮೇಲೆ ಬಗೆಬಗೆಯ ನಿರ್ಬಂಧಗಳಿರುವುದರಿಂದ, ಎದುರಾಳಿ ಒಳಬಂದ ಮೇಲೆ ಖಡ್ಗಧಾರಿಗೆ ಉಳಿಯುವುದು ಹಲವೊಮ್ಮೆ ಪಕ್ಕಕ್ಕೆ ಜಾರಿಕೊಳ್ಳುವ ದಾರಿಯೊಂದೇ.

ನಿಯಮಗಳ ಪ್ರಭಾವ

ಒಂದೇ ಜೋಡಿ ಆಯುಧಗಳು ಬೇರೆ ಬೇರೆ ಕ್ರೀಡೆಗಳಲ್ಲಿ ತದ್ವಿರುದ್ಧ ಫಲಿತಾಂಶ ನೀಡುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿಯಲ್ಲಿ 1966ರಲ್ಲಿ ಆರಂಭವಾದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಸಂಸ್ಥೆಯ ಕವಚಧಾರಿ ಕಾದಾಟದಲ್ಲಿ ಬೆತ್ತದ ಆಯುಧಗಳನ್ನು ಬಳಸಲಾಗುತ್ತದೆ. ಹೊಡೆತ ಸಾಕಷ್ಟು ಬಲವಾಗಿತ್ತೇ ಎಂಬುದನ್ನು ಏಟು ತಿಂದವನೇ ಪ್ರಾಮಾಣಿಕವಾಗಿ ಘೋಷಿಸಬೇಕು. ತಲೆಗೋ ದೇಹಕ್ಕೋ ಸರಿಯಾದ ಏಟು ಬಿದ್ದರೆ ಅವನು ಸತ್ತಂತೆ; ತೊಡೆಗೆ ಬಿದ್ದರೆ ಮೊಣಕಾಲೂರಿ ಕಾದಬೇಕು; ತೋಳಿಗೆ ಬಿದ್ದರೆ ಆ ಕೈಯನ್ನು ಬಳಸುವಂತಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಮಣಿಕಟ್ಟಿನಿಂದ ಮುಂದಿನ ಕೈಯನ್ನೂ, ಮೊಣಕಾಲಿನ ಒಂದು ಅಂಗುಲ ಮೇಲಿನಿಂದ ಕೆಳಗಿನ ಕಾಲನ್ನೂ ಗುರಿಯಿಂದ ಹೊರಗಿಡಲಾಗಿದೆ. ಗುರಾಣಿಯು ಸಹಜವಾಗಿ ಕಾಯಲಾರದ ಎರಡು ಭಾಗಗಳೂ ಇವೇ. ನಿಯಮವೇ ಅವುಗಳನ್ನು ಕಾಯುವುದರಿಂದ ದೊಡ್ಡ ಗುರಾಣಿಗೆ ಇಲ್ಲಿ ಸಹಜಕ್ಕಿಂತ ಹೆಚ್ಚಿನ ಅನುಕೂಲವಿದೆ. ಮೊಣಕಾಲೂರಿದ ಗುರಾಣಿಧಾರಿಯಂತೂ ತನ್ನ ಗುರಾಣಿಯ ಹಿಂದೆ ಬಹುತೇಕ ಪೂರ್ತಿಯಾಗಿ ಅಡಗುತ್ತಾನೆ. ಕಾಲಿಗೆ ಹೊಡೆದು ಗೆದ್ದೆನೆಂದುಕೊಂಡ ಖಡ್ಗಧಾರಿಗೆ ಆಗ ಇನ್ನೂ ಕಷ್ಟದ ಗುರಿ ಎದುರಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಖಡ್ಗಧಾರಿಯ ಒಂದು ತೋಳು ಹೋದರೆ ಅವನ ಆಯುಧದ ಅರ್ಥವೇ ಹೋದಂತೆ. ಇಷ್ಟೆಲ್ಲ ಇದ್ದರೂ ದ್ವಿಹಸ್ತ ಖಡ್ಗವನ್ನೇ ಆಯ್ದುಕೊಳ್ಳುವವರು ಈ ಕ್ರೀಡೆಯಲ್ಲಿ ಕಡಿಮೆಯಿಲ್ಲ.

ವಾಷಿಂಗ್ಟನ್ ಡಿ.ಸಿ. ಪರಿಸರದಲ್ಲಿ 1977ರಲ್ಲಿ ಹುಟ್ಟಿದ ಡಾಗೊರ್ಹೀರ್ ಕ್ರೀಡೆಯು ಸಮಸ್ಯೆಯನ್ನು ನೇರವಾಗಿ ಬಗೆಹರಿಸಿದೆ. ಇಲ್ಲಿನ ಆಯುಧಗಳಿಗೆ ನೊರೆರಬ್ಬರಿನ ಮೆತ್ತನೆಯ ಹೊದಿಕೆ ಇರುತ್ತದೆ. ಕೆಂಪು ಎಂದು ಗುರುತಿಸಲಾದ ವರ್ಗದ ದೊಡ್ಡ ಆಯುಧದಿಂದ ಎರಡು ಕೈಗಳ ಬಲದ ಎರಡು ಪೆಟ್ಟುಗಳು ಬಿದ್ದರೆ ಗುರಾಣಿ ಒಡೆದುಹೋಯಿತೆಂದು ಪರಿಗಣಿಸಿ ಅದನ್ನು ಎಸೆಯಬೇಕಾಗುತ್ತದೆ. ಇದೇ ಮೂಲದಿಂದ ಕವಲೊಡೆದ ಬೆಲೆಗಾರ್ತ್ ಕ್ರೀಡೆಯಲ್ಲೂ ಈ ನಿಯಮವಿದೆ. ಗುರಾಣಿಯ ಮೇಲೆ ಹೊಡೆಯುವುದು ವ್ಯರ್ಥವೆಂಬ ಮೇಲಿನ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಎರಡನೆಯ ಪೆಟ್ಟು ಬೀಳುವ ಮೊದಲೇ ಒಳನುಗ್ಗುವ ಅವಸರ ಗುರಾಣಿಧಾರಿಯದಾಗುತ್ತದೆ. ಐತಿಹಾಸಿಕವಾಗಿ ಈ ನಿಯಮವನ್ನು ಸಮರ್ಥಿಸುವುದು ಕಷ್ಟವಾದರೂ ಆಟದ ಸಮತೋಲಕ್ಕೆ ಅದು ಒದಗಿದೆ.

ಉಕ್ಕಿನ ಮೊಂಡು ಆಯುಧಗಳಿಂದ ಪೂರ್ಣ ಕವಚದಲ್ಲಿ ನಡೆಯುವ ಬುಹುರ್ಟ್ ಎಂಬ ಕಾದಾಟದ ಪ್ರಮುಖ ಕೂಟವಾದ ಬ್ಯಾಟಲ್ ಆಫ್ ದ ನೇಷನ್ಸ್ 2010ರಲ್ಲಿ ಉಕ್ರೇನ್‌ನ ಖೋತಿನ್ ಕೋಟೆಯಲ್ಲಿ ಮೊದಲ ಬಾರಿಗೆ ನಡೆಯಿತು. ಗುಂಪು ಕಾದಾಟದಲ್ಲಿ ಏಟುಗಳಿಗೆ ಅಂಕವಿಲ್ಲ. ದೇಹದ ಮೂರನೆಯ ಬಿಂದು ನೆಲಕ್ಕೆ ತಾಗಿದವನು ಹೊರಹೋಗುತ್ತಾನೆ. ಚುಚ್ಚುವುದಕ್ಕೂ, ಕುತ್ತಿಗೆಯ ಹಿಂಭಾಗ, ತೊಡೆಸಂದು, ಮೊಣಕಾಲಿನ ಹಿಂಭಾಗ ಮತ್ತು ಪಾದಗಳಿಗೆ ಹೊಡೆಯುವುದಕ್ಕೂ ನಿಷೇಧವಿದೆ. ಕುಸ್ತಿಗೆ ಅವಕಾಶವಿರುವುದರಿಂದ ಇಲ್ಲಿ ಗುರಾಣಿಯು ಮರೆಯಷ್ಟೇ ಅಲ್ಲ, ತಳ್ಳುವ ಮತ್ತು ಅಂಚಿನಿಂದ ಗುದ್ದುವ ಆಯುಧವೂ ಹೌದು. ಏಟಿನ ಭಾರವೇ ಮುಖ್ಯವಾಗುವ ಈ ಕ್ರೀಡೆಯಲ್ಲಿ ಎರಡು ಕೈಗಳ ಆಯುಧವೆಂದರೆ ಖಡ್ಗಕ್ಕಿಂತ ಹೆಚ್ಚಾಗಿ ಕೊಡಲಿ ಅಥವಾ ಉದ್ದ ಕಾವಿನ ಆಯುಧ. ಇದರ ಒಂಟಿ ಪಂದ್ಯಗಳಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಒಂದೇ ಬಗೆಯ ಆಯುಧ ಇರುತ್ತದೆ.

ಗ್ರಂಥಾಧಾರಿತ ಐತಿಹಾಸಿಕ ಯುರೋಪಿಯನ್ ಕತ್ತಿವರಸೆಯ ಕೂಟಗಳಲ್ಲಿಯೂ ಸ್ಪರ್ಧೆಗಳು ಹೆಚ್ಚಾಗಿ ಸಮಾನ ಆಯುಧಗಳ ನಡುವೆಯೇ ನಡೆಯುತ್ತವೆ. ಮಿಶ್ರ ಆಯುಧಗಳ ಪಂದ್ಯಗಳು ಅಭ್ಯಾಸದ ಭಾಗವಾಗಿ ಉಳಿದಿವೆ. ಕೈ ಮತ್ತು ಮುಂದೋಳು ಹೆಚ್ಚಿನ ಕೂಟಗಳಲ್ಲಿ ಗುರಿಯಾಗಿರುವುದರಿಂದ ಉದ್ದ ಖಡ್ಗಕ್ಕೆ ಇಲ್ಲಿ ತನ್ನ ಸಹಜ ಅನುಕೂಲ ಮರಳಿ ದೊರೆಯುತ್ತದೆ. ಏಟು ತಿಂದವನು ಕೂಡಲೇ ಮರುಹೊಡೆತ ನೀಡಲು ಅವಕಾಶ ಕೊಡುವ ನಿಯಮವಿರುವಲ್ಲಿ, ಖಡ್ಗಧಾರಿಯು ಹೊಡೆದ ಬಳಿಕವೂ ತನ್ನನ್ನು ಕಾಯ್ದುಕೊಂಡೇ ಹಿಂದೆ ಸರಿಯಬೇಕು. ಗುರಾಣಿಯಿಲ್ಲದವನಿಗೆ ಈ ನಿಯಮ ಹೆಚ್ಚು ಕಠಿಣ.

ಗುಂಪು ಕಾದಾಟದಲ್ಲಿ

ಸಾಲಾಗಿ ನಿಂತ ಗುರಾಣಿಗೋಡೆಯ ಎದುರು ಒಂಟಿ ಪಂದ್ಯದ ಬಹುಪಾಲು ತಂತ್ರಗಳು ನಿರುಪಯುಕ್ತ. ಸುತ್ತಲು ಜಾಗವಿರುವುದಿಲ್ಲ, ಬೀಸಿದ ಖಡ್ಗ ಪಕ್ಕದ ಸಂಗಾತಿಗೇ ತಗುಲಬಹುದು. ಆದುದರಿಂದ ಎರಡು ಕೈಗಳ ಆಯುಧದವರು ತಮ್ಮ ಕಡೆಯ ಗುರಾಣಿಧಾರಿಗಳ ಹಿಂದೆ ಎರಡನೆಯ ಸಾಲಿನಲ್ಲಿ ನಿಂತು, ಅವರ ಹೆಗಲ ಮೇಲಿನಿಂದ ಹೊಡೆಯುತ್ತಾರೆ. ಒಬ್ಬ ಗುರಾಣಿಧಾರಿಯು ಎದುರಾಳಿಯ ಗುರಾಣಿಯನ್ನು ಒತ್ತಿಹಿಡಿದಾಗ ಹಿಂದಿನವನು ಅವನ ತಲೆಗೆ ಹೊಡೆಯುವುದು ಅತ್ಯಂತ ಸಾಮಾನ್ಯವಾದ ಜೋಡಿ ತಂತ್ರ. ಗುರಾಣಿಯ ಅಂಚಿಗೆ ಕೊಕ್ಕೆ ಹಾಕಿ ಎಳೆಯುವ ಕೆಲಸಕ್ಕೆ ಕೊಡಲಿಯಷ್ಟು ಖಡ್ಗ ಒದಗದು. ಸಾಲು ಮುರಿದು ಕಾದಾಟ ಚದುರಿದಾಗ ಮಾತ್ರ ಖಡ್ಗಧಾರಿಗೆ ತನ್ನ ಜಾಗ ಮತ್ತೆ ಸಿಗುತ್ತದೆ.

ಸುರಕ್ಷತೆ

ಎರಡು ಕೈಗಳ ಹೊಡೆತದಲ್ಲಿ ಬಲವನ್ನು ಹತೋಟಿಯಲ್ಲಿಡುವುದು ಮುಖ್ಯ ಹೊಣೆ. ಶಿರಸ್ತ್ರಾಣವು ತಲೆಬುರುಡೆಯನ್ನು ಕಾಪಾಡಿದರೂ ತಲೆ ಥಟ್ಟನೆ ಅಲುಗಾಡುವುದರಿಂದ ಮೆದುಳಿಗಾಗುವ ಆಘಾತವನ್ನು ಪೂರ್ತಿ ತಡೆಯಲಾರದು. ಗುರಾಣಿಯನ್ನು ಮೇಲೆತ್ತಿ ಏನೂ ಕಾಣದೆ ಒಳನುಗ್ಗುವವನಿಗೆ ಬರುವ ಏಟು ಗೋಚರಿಸದಿರುವುದರಿಂದ ಅವನು ಕುತ್ತಿಗೆಯನ್ನು ಬಿಗಿಹಿಡಿದಿರುವುದಿಲ್ಲ. ಅಪಾಯ ಆಗ ಹೆಚ್ಚು. ಖಡ್ಗಧಾರಿಯ ಬೆರಳುಗಳಿಗೂ ರಕ್ಷಣೆ ಕಡಿಮೆ. ಗುರಾಣಿಧಾರಿಯ ಒಂದು ಕೈ ಗುರಾಣಿಯ ಹಿಂದಿದ್ದರೆ, ಇವನ ಎರಡೂ ಕೈಗಳು ಮುಂದೆಯೇ ಇರುತ್ತವೆ ಮತ್ತು ಗುರಾಣಿಯ ಗಟ್ಟಿ ಅಂಚಿಗೆ ಬಡಿಯುತ್ತವೆ. ಹೀಗಾಗಿ ಉಕ್ಕಿನ ಉದ್ದ ಖಡ್ಗದ ಅಭ್ಯಾಸದಲ್ಲಿ ದಪ್ಪ ಕೈಗವಸುಗಳು ಅನಿವಾರ್ಯ. ಬುಹುರ್ಟ್‌ನಲ್ಲಿ ಅಲಗಿನ ಅಂಚು ಕನಿಷ್ಠ 2 ಮಿಲಿಮೀಟರ್ ದಪ್ಪವಿರಬೇಕು. ಗ್ರಂಥಾಧಾರಿತ ಕತ್ತಿವರಸೆಯಲ್ಲಿ ಚುಚ್ಚಿದಾಗ ಬಾಗುವ ಫೆಡರ್ ಎಂಬ ಅಭ್ಯಾಸದ ಖಡ್ಗವನ್ನು ಬಳಸುತ್ತಾರೆ. ಮಿಶ್ರ ಆಯುಧಗಳ ಪಂದ್ಯಕ್ಕೆ ಮೊದಲು ಯಾವ ಗುರಿಗಳು ಸಲ್ಲುತ್ತವೆ, ಗುರಾಣಿಯಿಂದ ಗುದ್ದಬಹುದೇ, ಎಷ್ಟು ಬಲದಿಂದ ಹೊಡೆಯಬಹುದು ಎಂಬುದನ್ನು ಇಬ್ಬರೂ ತೀರ್ಪುಗಾರರ ಎದುರು ಮಾತಾಡಿಕೊಳ್ಳುವುದು ರೂಢಿ.